ಮುರಿದ ಹಿಡಿಗಾಗಿ ಕಾರು ಬಿಡಬೇಕೆ?



ನಮ್ಮ ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ, ಧಾರಣೆಯ ಏರಿಳಿತ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ಹಳೆಯ ಕಾರಿನ ಒಳಗಿನ ಪ್ಲಾಸ್ಟಿಕ್ ಬಗೆಗೆ ಬರೆಯಹೊರಟಿರುವುದನ್ನು ಕಂಡು, ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೆ ಎಂದು ಕೆಲವರು ಕೇಳಬಹುದು. ಅಂಥವರು ತೂಕದ ದಿನ ಸಂಘದ ಅಂಗಳದಲ್ಲಿ ನಿಲ್ಲುವ ವಾಹನಗಳ ಒಳಗೆ ಒಮ್ಮೆ ಇಣುಕಿ ನೋಡಬೇಕು. ಒಂದರಲ್ಲಿ ಗ್ಲಾಸು ಇಳಿಸುವ ಹಿಡಿಯಿಲ್ಲ. ಇನ್ನೊಂದರಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಬಾಗಿಲಿಗೆ ಅಡಿಕೆ ಮೂಟೆಯ ಹುರಿ ಕಟ್ಟಿದೆ. ಮತ್ತೊಂದರ ಬಾಗಿಲು ಒಳಗಿನಿಂದ ತೆರೆಯುವುದೇ ಇಲ್ಲ. ಯಜಮಾನರು ಗ್ಲಾಸು ಇಳಿಸಿ, ಕೈ ಹೊರಗೆ ಹಾಕಿ ತೆರೆದು ಇಳಿಯುತ್ತಾರೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ ನಿಂತದ್ದು 2014ರಲ್ಲಿ. ಓಮ್ನಿ ವ್ಯಾನು 1984ರಲ್ಲಿ ಬಂದು 2019ರಲ್ಲಿ ನಿಂತಿತು. ನಮ್ಮಲ್ಲಿ ಗೊಬ್ಬರದ ಚೀಲದಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತ ವಾಹನಗಳಿವು. ಇವುಗಳ ಎಂಜಿನ್ನು ಕೆಟ್ಟರೆ ನೋಡಲು ಪ್ರತಿ ಪೇಟೆಯಲ್ಲಿಯೂ ಮೇಸ್ತ್ರಿ ಇದ್ದಾನೆ. ಆದರೆ ಅಂಗೈಯಗಲದ ಪ್ಲಾಸ್ಟಿಕ್ ಮುರಿದರೆ ಅದಕ್ಕೆ ವಾರಸುದಾರರಿಲ್ಲ. ಒಂದು ಕೊಕ್ಕೆ ಕೇಳಿದರೆ ಇಡೀ ಬಾಗಿಲಿನ ಒಳಹೊದಿಕೆಯನ್ನೇ ಕೊಳ್ಳಿ ಎನ್ನುತ್ತಾರೆ. ಅದೂ ದಾಸ್ತಾನಿಲ್ಲವೆಂದು ಹೇಳಿ, ಹಳೆಯದನ್ನು ಕೊಟ್ಟು ಹೊಸ ಕಾರು ಕೊಳ್ಳುವ ಯೋಜನೆಯ ಕಾಗದ ಮುಂದಿಡುತ್ತಾರೆ. ಮೂರೆಕರೆಯ ಬೆಳೆಗಾರನು ಐದು ವರ್ಷದ ಕಂತಿಗೆ ಸಹಿ ಹಾಕುವುದು ಹೀಗೆ. ಧಾರಣೆ ಇಳಿದ ವರ್ಷವೂ ಕಂತು ಇಳಿಯುವುದಿಲ್ಲ. ಎಂಜಿನ್ನು ಗಟ್ಟಿಯಾಗಿರುವ ಕಾರನ್ನು ಹಿಡಿ ಮುರಿಯಿತೆಂದು ಗುಜರಿಗೆ ಹಾಕುವುದು, ಸೋಗೆ ಒಣಗಿತೆಂದು ಅಡಿಕೆ ಮರವನ್ನೇ ಕಡಿದ ಹಾಗೆ.

ಇದು ನಮ್ಮೊಬ್ಬರ ದೂರಲ್ಲ. ಬಿಡಿಭಾಗಗಳೂ ರಿಪೇರಿಗೆ ಬೇಕಾದ ತಾಂತ್ರಿಕ ಮಾಹಿತಿಯೂ ಸ್ವತಂತ್ರ ಗ್ಯಾರೇಜುಗಳಿಗೆ ಸರಿಯಾಗಿ ಸಿಗುತ್ತಿಲ್ಲವೆಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ತಯಾರಕರು ಮೇಲ್ಮನವಿ ಹೋದರು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಉಪಕರಣಗಳೂ ಮೋಟಾರು ವಾಹನಗಳೂ ಇವೆ. ಇವೆಲ್ಲ ಸ್ವಾಗತಾರ್ಹ. ಆದರೆ ಆದೇಶದಿಂದ ಮುರಿದ ಕೊಕ್ಕೆ ಕೂಡಿಕೊಳ್ಳುವುದಿಲ್ಲ. ಹಕ್ಕು ಎಷ್ಟು ಮುಖ್ಯವೋ, ರಿಪೇರಿಯ ತಿಳಿವಳಿಕೆಯೂ ಅಷ್ಟೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ರಿಪೇರಿ ಮಾಡುವವರಿಲ್ಲವೆಂದಲ್ಲ. ಸಿಕ್ಕಿದ್ದಕ್ಕೆಲ್ಲ ಫೆವಿಕ್ವಿಕ್ ಹಾಕುತ್ತೇವೆ, ಎಂ-ಸೀಲ್ ಮೆತ್ತುತ್ತೇವೆ. ವಾರದಲ್ಲಿ ಬಿಟ್ಟುಬಂದರೆ ಪ್ಲಾಸ್ಟಿಕ್ಕೇ ಅಷ್ಟು ಎಂದು ಕೈಬಿಡುತ್ತೇವೆ. ತಪ್ಪು ಅಂಟಿನದಲ್ಲ, ಜಾತಿ ನೋಡದೆ ಹಚ್ಚಿದ್ದು. ಕಾಳುಮೆಣಸನ್ನು ಬ್ರೆಜಿಲ್ ಹಿಪ್ಪಲಿಗೆ ಕಸಿ ಕಟ್ಟಿದರೆ ಕೂಡುತ್ತದೆ, ಕಾಫಿ ಗಿಡಕ್ಕೆ ಕಟ್ಟಿದರೆ ಕೂಡೀತೆ? ಪ್ಲಾಸ್ಟಿಕ್ಕಿಗೂ ಇದೇ ನ್ಯಾಯ.

ಕಾರಿನೊಳಗೆ ಹೆಚ್ಚಾಗಿ ಕಾಣುವವು ಎರಡು ಜಾತಿ: ಎಬಿಎಸ್ ಮತ್ತು ಪಾಲಿಪ್ರೊಪಿಲೀನ್ ಎಂಬ ಪಿಪಿ. ಭಾಗವನ್ನು ಬಿಚ್ಚಿ ಹಿಂಬದಿ ನೋಡಿದರೆ ಅನೇಕ ಸಲ ಈ ಅಕ್ಷರಗಳು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ. ಇಲ್ಲದಿದ್ದರೆ ಸಣ್ಣ ಚೂರನ್ನು ನೀರಿಗೆ ಹಾಕಿ ನೋಡಬಹುದು. ಪಿಪಿ ನೀರಿಗಿಂತ ಹಗುರ, ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಟಾಲ್ಕ್ ಪುಡಿ ಬೆರೆಸಿದ ಪಿಪಿಯೂ ಮುಳುಗಬಹುದಾದ್ದರಿಂದ ಇನ್ನೊಂದು ಪರೀಕ್ಷೆ ಅಗತ್ಯ. ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಒಂದು ತೊಟ್ಟು ಅಸಿಟೋನ್ ಹಾಕಿ. ಎಬಿಎಸ್ ಆದರೆ ಮೆದುವಾಗಿ ಬೆರಳಿಗೆ ಅಂಟುತ್ತದೆ. ಪಿಪಿ ಆದರೆ ಕೆಸುವಿನೆಲೆಯ ಮೇಲೆ ನೀರು ಬಿದ್ದಂತೆ, ಏನೂ ಆಗುವುದಿಲ್ಲ.

ಎಬಿಎಸ್ ರಿಪೇರಿ ಸುಲಭ. ಅದೇ ಜಾತಿಯ ಒಡೆದ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನಿನೊಡನೆ ಮುಚ್ಚಿಟ್ಟರೆ ಕೆಲವು ಗಂಟೆಗಳಲ್ಲಿ ಕರಗಿ ಬೆಲ್ಲದ ಪಾಕದಂತೆ ಆಗುತ್ತದೆ. ಇದನ್ನು ಮುರಿದ ಎರಡೂ ಅಂಚಿಗೆ ಹಚ್ಚಿ, ಒತ್ತಿ ಕಟ್ಟಿ, ಒಂದು ದಿನ ಮುಟ್ಟದೆ ಬಿಡಬೇಕು. ಇದು ಮೇಲಿನ ಅಂಟಲ್ಲ. ಎರಡು ತುಂಡೂ ಕರಗಿ ಒಂದಾಗುತ್ತವೆ. ಸ್ಕ್ರೂ ಕೂರುವ ಸಣ್ಣ ಕಂಬ ಸೀಳಿದ್ದರೆ ಅದರ ಸುತ್ತ ತೆಳು ತಾಮ್ರದ ತಂತಿ ಬಿಗಿದು ಫೆವಿಕ್ವಿಕ್ ಹಾಕಿ, ಮೇಲೆ ಅಡುಗೆ ಸೋಡ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆಮೇಲೆ ಅರದಿಂದ ಉಜ್ಜಿ ಸರಿಮಾಡಬಹುದು.

ಪಿಪಿಗೆ ಅಸಿಟೋನೂ ನಾಟದು, ಸಾಮಾನ್ಯ ಅಂಟೂ ಹಿಡಿಯದು. ಅದಕ್ಕೆ ಬಿಸಿಯೇ ಮದ್ದು. ಟೀ ಸೋಸುವ ಸ್ಟೀಲ್ ಜಾಲರಿಯ ತುಂಡನ್ನು ಬಿರುಕಿನ ಹಿಂಬದಿಗೆ ಇಟ್ಟು, ಸೋಲ್ಡರಿಂಗ್ ಐರನ್ನಿನಿಂದ ಮೆಲ್ಲಗೆ ಒತ್ತಿ ಹುದುಗಿಸಬೇಕು. ಮೇಲೆ ಪಿಪಿಯದೇ ಪಟ್ಟಿಯನ್ನು ಕರಗಿಸಿ ತುಂಬಬೇಕು. ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಡಬ್ಬಿ ಪಿಪಿಯದೇ ಆದ್ದರಿಂದ ಪಟ್ಟಿಗೆ ಪೇಟೆಗೆ ಹೋಗಬೇಕಾಗಿಲ್ಲ. ಹೊಗೆ ಬಂದರೆ ಕಾವು ಹೆಚ್ಚಾಯಿತೆಂದೇ ಅರ್ಥ.

ಬಿಚ್ಚುವಾಗ ಮುರಿಯುವುದೇ ಹೆಚ್ಚು ಎಂಬುದನ್ನೂ ಮರೆಯಬಾರದು. ಬಿಸಿಲು ಮತ್ತು ಕಾವಿನಿಂದ ಹಳೆಯ ಪ್ಲಾಸ್ಟಿಕ್ ತನ್ನ ಬಳುಕನ್ನು ಕಳೆದುಕೊಂಡಿರುತ್ತದೆ. ಮಾಗಿಯ ಬೆಳಗಿನ ಚಳಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಇದ್ದ ಕೊಕ್ಕೆಯೂ ಹೋಗುತ್ತದೆ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಪ್ಲಾಸ್ಟಿಕ್ ಮೆದುವಾದ ಮೇಲೆ ಬಿಚ್ಚಬೇಕು. ಮೀಟುವುದಕ್ಕೆ ಅಡಿಕೆ ದಬ್ಬೆಯನ್ನು ತೆಳ್ಳಗೆ ಕೆತ್ತಿ ನಯಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಆಯುಧ ಯಾವ ಅಂಗಡಿಯಲ್ಲಿಯೂ ಸಿಗದು.

ಎಚ್ಚರಿಕೆಯ ಮಾತುಗಳೂ ಇವೆ. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುವ ವಸ್ತು. ಒಲೆಯ ಬಳಿ, ಬೀಡಿ ಸೇದುತ್ತಾ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು. ಮೀಟರಿನ ಮೇಲಿನ ಪಾರದರ್ಶಕ ಭಾಗಕ್ಕೆ ಅದು ತಾಗಿದರೆ ಮಂಜಾಗುತ್ತದೆ. ಡ್ಯಾಶ್‌ಬೋರ್ಡಿನ ಮೇಲಿನ ರೆಕ್ಸಿನ್‌ನಂಥ ಹೊದಿಕೆ ಅನೇಕ ವಾಹನಗಳಲ್ಲಿ ಪಿವಿಸಿ; ಅದಕ್ಕೆ ಸೋಲ್ಡರಿಂಗ್ ಐರನ್ ಮುಟ್ಟಿಸಬಾರದು. ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್ ಎಂಬ, ಶ್ವಾಸಕೋಶಕ್ಕೆ ಕೆಡುಕಾದ ಅನಿಲ.

ಇನ್ನು, ಯಾವುದನ್ನು ರಿಪೇರಿ ಮಾಡಬೇಕು, ಯಾವುದನ್ನು ಮಾಡಬಾರದು ಎಂಬ ವಿವೇಕ. ನಾನು ಮೂರು ಗುಂಪು ಮಾಡುತ್ತೇನೆ. ಮುಚ್ಚುವ, ಹಿಡಿದುಕೊಳ್ಳುವ ಭಾಗಗಳು — ಪೆಟ್ಟಿಗೆಯ ಬಾಗಿಲು, ಗಾಳಿ ಬರುವ ಜಾಲಿ, ಸ್ಪೀಕರಿನ ಮುಚ್ಚಳ, ಬಾಗಿಲಿನ ಒಳಹೊದಿಕೆ — ಮನೆಯಲ್ಲಿಯೇ ಆಗುವಂಥವು. ಕೈಯಿಂದ ಜಗ್ಗುವ ಭಾಗಗಳು, ಅಂದರೆ ಬಾಗಿಲ ಹಿಡಿ, ಗ್ಲಾಸಿನ ಹಿಡಿ, ಇವು ಬೆಸುಗೆಯಲ್ಲಿ ನಿಲ್ಲುತ್ತವೆಂದು ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ರಸ್ತೆಗಳು ನಮ್ಮವು. ಬೇಕಾದ ಹೊತ್ತಿನಲ್ಲಿ ಬಾಗಿಲು ಒಳಗಿನಿಂದ ತೆರೆಯದಿದ್ದರೆ ಅದು ಪ್ರಾಣದ ಪ್ರಶ್ನೆ. ಅಲ್ಲಿ ಬೇರೆ ಗಟ್ಟಿ ಹಿಡಿಯನ್ನೇ ಹಾಕಬೇಕು. ಮೂರನೆಯದು ಸೀಟ್ ಬೆಲ್ಟು, ಸ್ಟೀರಿಂಗು, ಪೆಡಲುಗಳು, ಏರ್‌ಬ್ಯಾಗಿನ ಮುಚ್ಚಳ. ಏರ್‌ಬ್ಯಾಗು ಉಬ್ಬುವಾಗ ಆ ಮುಚ್ಚಳ ನಿಯಮಿತ ಗೆರೆಯಲ್ಲಿಯೇ ಬಿರಿಯಬೇಕು. ಅಂಟು ಹಾಕಿದರೆ ಹಾಗೆ ಬಿರಿಯುವುದಿಲ್ಲ. ಇವುಗಳಿಗೆ ಕೈ ಹಚ್ಚಲೇಬಾರದು.

ಎರಡನೆಯ ಗುಂಪಿನ ಗಟ್ಟಿ ಹಿಡಿಯನ್ನು ತರುವುದೆಲ್ಲಿಂದ? ಇಲ್ಲಿಯೇ ಸಂಘದ ಪಾತ್ರ ಬರುವುದು. ಪ್ರತಿ ವರ್ಷ ನಮ್ಮಲ್ಲಿ ಒಂದೆರಡು ಹಳೆಯ ವಾಹನಗಳಾದರೂ ಗುಜರಿ ಸೇರುತ್ತವೆ. ಅವುಗಳ ಒಳಗಿನ ಒಳ್ಳೆಯ ಹಿಡಿ, ಕೊಕ್ಕೆ, ಮುಚ್ಚಳಗಳೂ ಕಬ್ಬಿಣದ ತೂಕದೊಡನೆ ಬಿಡಿಗಾಸಿಗೆ ಹೋಗುತ್ತವೆ. ವಾಹನ ಕೊಡುವ ಮುನ್ನ ಸದಸ್ಯರು ಕಚೇರಿಗೆ ತಿಳಿಸಿದರೆ, ಕೊಳ್ಳುವವನೊಡನೆ ಮಾತಾಡಿ ಈ ಭಾಗಗಳನ್ನು ಬಿಚ್ಚಿ, ಹೆಸರು ಬರೆದು ಗೋದಾಮಿನ ಒಂದು ಹಲಗೆಯ ಮೇಲೆ ಇಡಬಹುದು. ಬೇಕಾದ ಸದಸ್ಯರು ಅಲ್ಪ ಬೆಲೆ ಕೊಟ್ಟು ಒಯ್ಯಲಿ, ಹಣ ಮಾರಿದವರಿಗೆ ಸೇರಲಿ. ಒಂದು ಸೋಲ್ಡರಿಂಗ್ ಐರನ್, ಜಾಲರಿ, ಅರ, ಅಸಿಟೋನ್ ಬಾಟಲಿ ಸಂಘದಲ್ಲಿದ್ದರೆ ಸಾಕು; ಇದಕ್ಕೆ ಒಂದು ಸ್ಪ್ರೇಯರಿನಷ್ಟೂ ಖರ್ಚು ಬಾರದು. ಈ ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡಲಿದ್ದೇನೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ಇದು ಜಿಪುಣತನ. ಹಳೆಯ ಗಾಡಿಗೆ ತೇಪೆ ಹಾಕುತ್ತಾ ಕೂರುವುದಕ್ಕಿಂತ ಹೊಸದು ಕೊಳ್ಳುವುದು ಮೇಲು ಎಂಬುದು. ಕೊಳ್ಳಬಲ್ಲವರು ಕೊಳ್ಳಲಿ, ಹೊಸ ವಾಹನದ ಬ್ರೇಕು, ಏರ್‌ಬ್ಯಾಗುಗಳ ಲಾಭವನ್ನು ಅಲ್ಲಗಳೆಯಲಾಗದು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ಯೋಗ್ಯತಾ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕೆಂಬ ನಿಯಮವೂ ಇದೆ. ಆ ತಪಾಸಣೆಯಲ್ಲಿ ತಳ ತುಕ್ಕು ಹಿಡಿದ, ಬ್ರೇಕು ನಿಲ್ಲದ ವಾಹನವನ್ನು ಬಿಡಲೇಬೇಕು. ಆದರೆ ಬಿಡುವ ತೀರ್ಮಾನ ಚಾಸಿಯನ್ನೂ ಎಂಜಿನ್ನನ್ನೂ ನೋಡಿ ಆಗಲಿ, ಮುರಿದ ಮುಚ್ಚಳವನ್ನು ನೋಡಿ ಆಗದಿರಲಿ. ಎರಡನೆಯ ಆಕ್ಷೇಪ, ಕೊಯ್ಲಿನ ಕಾಲದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬುದು. ನಿಜ. ಆದ್ದರಿಂದಲೇ ಇದು ಮಳೆಗಾಲದ ಕೆಲಸ. ಜಡಿಮಳೆ ಹಿಡಿದು ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ಮಾಡುವಂಥದ್ದು. ಮನೆಯ ಮಕ್ಕಳಿಗೂ ಕಲಿಸಿದರೆ, ವಸ್ತು ಮುರಿದೊಡನೆ ಎಸೆಯುವುದೊಂದೇ ದಾರಿಯಲ್ಲವೆಂಬ ಪಾಠ ಅವರಿಗೆ ಪುಸ್ತಕವಿಲ್ಲದೆ ತಿಳಿಯುತ್ತದೆ.

ಗುಜರಿಗೆ ಹೋಗಲಿರುವ ವಾಹನವಿರುವವರೂ, ಯಾವುದಾದರೊಂದು ಭಾಗ ಬೇಕಾಗಿರುವವರೂ ವಾಹನದ ಹೆಸರು, ತಯಾರಾದ ವರ್ಷ, ಭಾಗದ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಕೊಡಬೇಕಾಗಿ ಕೋರುತ್ತೇನೆ. ಸಲಹೆಯನ್ನು ಒಪ್ಪದವರು ತಮ್ಮ ಕಾರಣಗಳನ್ನು ಬರೆದು ಕಳುಹಿಸಿದರೆ ಅವನ್ನೂ ಸಭೆಯ ಮುಂದೆ ಓದಲಾಗುವುದು.

— ಕಾರ್ಯದರ್ಶಿ