ಹಡಗಿನ ಊಟದ ಮೇಜು ಮತ್ತು ಹೊಟ್ಟೆಯ ಹಕ್ಕು

ವಿಹಾರ ನೌಕೆಯ ಪ್ರವಾಸವು ಈಗ ಅತಿ ಶ್ರೀಮಂತರಿಗಷ್ಟೇ ಮೀಸಲಾದ ಸಂಗತಿಯಾಗಿ ಉಳಿದಿಲ್ಲ. 2021ರಿಂದ ಮುಂಬೈ ಬಂದರಿನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಕಾರ್ಡೇಲಿಯಾ ಸಂಸ್ಥೆಯ ನೌಕೆ ಸಂಚರಿಸುತ್ತಿದೆ. ವಾಡಿ ಜಂಕ್ಷನ್‌ನಲ್ಲಿ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದವರು ಮರುದಿನ ಬೆಳಿಗ್ಗೆ ಮುಂಬೈಯಲ್ಲಿರುತ್ತಾರೆ. ಹೀಗಾಗಿ ಚಿತ್ತಾಪುರ, ಸೇಡಂ, ಶಹಾಬಾದ್ ಕಡೆಯ ನಮ್ಮ ಕುಟುಂಬಗಳಲ್ಲಿಯೂ, ವಿಶೇಷವಾಗಿ ಮಕ್ಕಳು ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಗಳಲ್ಲಿ, ತಂದೆತಾಯಿಯನ್ನು ಒಮ್ಮೆ ಹಡಗಿನಲ್ಲಿ ಕರೆದೊಯ್ಯಬೇಕೆಂಬ ಮಾತು ಕೇಳಿಬರುತ್ತಿದೆ. ಇದರಲ್ಲಿ ತಪ್ಪೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಸಮುದ್ರದಲ್ಲಿ ಚಲಿಸುವ ಹಡಗನ್ನು ಅಲ್ಲಾಹನ ದೃಷ್ಟಾಂತಗಳಲ್ಲೊಂದಾಗಿ ತೋರಿಸುತ್ತದೆ.

ಮದ್ಯ ಮತ್ತು ಜೂಜಿನ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಹಲಾಲ್ ಮಾಂಸದ ಖಾತರಿಯಿಲ್ಲದಿದ್ದರೆ ಮೀನು ಮತ್ತು ಸಸ್ಯಾಹಾರ ಇದ್ದೇ ಇದೆ. ಇವುಗಳ ಬಗ್ಗೆ ನಮ್ಮ ಜನರು ಮೊದಲೇ ವಿಚಾರಿಸುತ್ತಾರೆ. ಯಾರೂ ವಿಚಾರಿಸದ ವಿಷಯ ಇನ್ನೊಂದಿದೆ. ನಾಲ್ಕು ದಿನ ಹಡಗಿನಲ್ಲಿದ್ದು ಮರಳುವಾಗ ಅಂಗಿಯ ಗುಂಡಿ ಬಿಗಿಯುತ್ತದೆ, ಮನೆಯವರೆಲ್ಲ ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ನಕ್ಕು ಬಿಡುವ ವಿಷಯವಲ್ಲ, ದೀನ್‌ಗೆ ಸಂಬಂಧಿಸಿದ ವಿಷಯ. ಅದರ ಬೇರು ಹಸಿವಿನಲ್ಲಿಯೂ ಇಲ್ಲ, ರುಚಿಯಲ್ಲಿಯೂ ಇಲ್ಲ. 'ಹೇಗೂ ಹಣ ಕೊಟ್ಟಾಗಿದೆ' ಎಂಬ ಲೆಕ್ಕಾಚಾರದಲ್ಲಿದೆ.

ಹಡಗಿನ ಟಿಕೆಟ್ಟಿನಲ್ಲಿ ಕೋಣೆಯ ಬಾಡಿಗೆಯೊಂದಿಗೆ ಊಟದ ವೆಚ್ಚವೂ ಸೇರಿರುತ್ತದೆ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ಚಹಾ ತಿನಿಸು, ರಾತ್ರಿಯ ಭೋಜನ. ಎಲ್ಲವೂ ಉದ್ದನೆಯ ಮೇಜಿನ ಮೇಲೆ ತೆರೆದಿರುತ್ತವೆ. ಲಕ್ಷವೋ ಒಂದೂವರೆ ಲಕ್ಷವೋ ಖರ್ಚು ಮಾಡಿದ ಕುಟುಂಬದ ಯಜಮಾನನಿಗೆ ಆ ಮೇಜು ವಸೂಲಿ ಮಾಡಬೇಕಾದ ಸಾಲದಂತೆ ಕಾಣುತ್ತದೆ. ಮಕ್ಕಳು ಸಾಕೆಂದರೂ ಅವನೇ ಇನ್ನೊಂದು ತುಂಡು ಬಡಿಸುತ್ತಾನೆ. ಮನೆಯಲ್ಲಿ ಎರಡು ಜೋಳದ ರೊಟ್ಟಿ, ತೊಗರಿಬೇಳೆಯ ಸಾರು ತಿಂದು ತೃಪ್ತನಾಗಿ ಏಳುವ ಮನುಷ್ಯನೇ ಇಲ್ಲಿ ಮೂರು ಸಿಹಿಗಳನ್ನು ಒಂದೇ ತಟ್ಟೆಯಲ್ಲಿಟ್ಟುಕೊಳ್ಳುತ್ತಾನೆ. ಹಣವು ಕೊಟ್ಟ ದಿನವೇ ಹೋಯಿತು. ಎಷ್ಟು ತಿಂದರೂ ಅದು ಮರಳುವುದಿಲ್ಲ. ತಿಂದದ್ದು ಮಾತ್ರ ಒಡಲಲ್ಲಿ ಉಳಿಯುತ್ತದೆ.

ಈ ಬಗೆಯ 'ಬೇಕಾದಷ್ಟು ತಿನ್ನಿ' ಒಪ್ಪಂದವು ಶರೀಅತ್‌ನಲ್ಲಿ ಸಮ್ಮತವೇ ಎಂಬ ಪ್ರಶ್ನೆಯನ್ನು ಇಂದಿನ ವಿದ್ವಾಂಸರು ಚರ್ಚಿಸಿದ್ದಾರೆ. ಮಾರುವ ವಸ್ತುವಿನ ಪ್ರಮಾಣ ತಿಳಿಯದಿದ್ದರೆ ಅದು ಅನಿಶ್ಚಿತ ವ್ಯಾಪಾರವಾಗುತ್ತದೆ, ಅನಿಶ್ಚಿತ ವ್ಯಾಪಾರ ಸಲ್ಲದು ಎಂಬುದೇ ಆಕ್ಷೇಪ. ಇದನ್ನು ಅನುಮತಿಸಿದವರು ಕೊಟ್ಟ ಉತ್ತರ ಗಮನಾರ್ಹವಾದುದು: ಸಾಧಾರಣ ಮನುಷ್ಯನೊಬ್ಬ ಒಂದು ಹೊತ್ತಿಗೆ ಎಷ್ಟು ತಿನ್ನುತ್ತಾನೆಂಬುದು ರೂಢಿಯಿಂದಲೇ ತಿಳಿದಿದೆ, ಆದ್ದರಿಂದ ಅನಿಶ್ಚಿತತೆ ಅಲ್ಪ, ಅದನ್ನು ಮನ್ನಿಸಬಹುದು. ಅಂದರೆ ಆ ಮೇಜಿನ ಮುಂದೆ ಕುಳಿತುಕೊಳ್ಳಲು ನಮಗಿರುವ ಅನುಮತಿಯೇ ರೂಢಿಯಷ್ಟು ತಿನ್ನುವುದರ ಮೇಲೆ ನಿಂತಿದೆ. ರೂಢಿಯ ಮೂರು ಪಟ್ಟು ತಿಂದು ಲಾಭ ಮಾಡಿಕೊಂಡೆನೆಂದು ಭಾವಿಸುವವನು ತಾನು ಕುಳಿತ ಕೊಂಬೆಯನ್ನೇ ಕಡಿಯುತ್ತಿದ್ದಾನೆ.

ವಾಡಿಗೂ ಸಮುದ್ರಯಾನಕ್ಕೂ ಇರುವ ನಂಟು ಇಂದಿನದಲ್ಲ. 1874ರಲ್ಲಿ ಹೈದರಾಬಾದಿನಿಂದ ಬಂದ ನಿಝಾಮರ ರೈಲುಮಾರ್ಗವು ವಾಡಿಯಲ್ಲಿ ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿಕೊಂಡಿತು. ಅಂದಿನಿಂದ ಹೈದರಾಬಾದ್ ಸಂಸ್ಥಾನದ ಹಜ್ ಯಾತ್ರಿಕರು ಇದೇ ದಾರಿಯಾಗಿ ಮುಂಬೈ ತಲುಪಿ, ಮುಸಾಫಿರ್‌ಖಾನೆಗಳಲ್ಲಿ ತಂಗಿ, ಜಿದ್ದಾದ ಹಡಗನ್ನು ಏರುತ್ತಿದ್ದರು. ನಮ್ಮ ಗುಲ್ಬರ್ಗಾ ಪ್ರದೇಶವೂ ಆಗ ಆ ಸಂಸ್ಥಾನದ್ದೇ ಭಾಗ. ವಾರಕ್ಕೂ ಮಿಕ್ಕಿದ ಆ ಯಾನಕ್ಕೆ ಕಡಕ್ ರೊಟ್ಟಿ, ಹುರಿಗಡಲೆ, ಉಪ್ಪಿನಕಾಯಿಯ ಗಂಟು ಕಟ್ಟಿಕೊಂಡು ಹೋಗುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಮುಂಬೈಯಿಂದ ಹಾಜಿಗಳನ್ನು ಒಯ್ಯುವ ಹಡಗುಗಳು 1995ರಲ್ಲಿ ನಿಂತವು. ಅದೇ ಜಿದ್ದಾ ಬಂದರಿನಿಂದ 2024ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ಅರೋಯಾ ವಿಹಾರ ನೌಕೆ ತನ್ನ ಮೊದಲ ಯಾನ ಆರಂಭಿಸಿತು. ಮದ್ಯವಿಲ್ಲದ ನೌಕೆಯಾದ್ದರಿಂದ ಅನೇಕರಿಗೆ ಅದು ನಿರಾಳ. ಆದರೆ ಪಾನೀಯದ ಹರಾಮ್ ಇಲ್ಲವಾದ ಮಾತ್ರಕ್ಕೆ ತಟ್ಟೆಯ ಅತಿರೇಕ ಇಲ್ಲವಾಗುವುದಿಲ್ಲ. ಅಲ್-ಅಅ್‌ರಾಫ್ ಅಧ್ಯಾಯದ 31ನೇ ವಚನದಲ್ಲಿ ತಿನ್ನುವ ಕುಡಿಯುವ ಅನುಮತಿಯೂ ಮಿತಿ ಮೀರದಿರುವ ಆಜ್ಞೆಯೂ ಒಂದೇ ಉಸಿರಿನಲ್ಲಿ ಬಂದಿವೆ. ಅಲ್ಲಿ ಎಚ್ಚರಿಕೆ ಇರುವುದು ಹಲಾಲ್ ಆಹಾರದ ಕುರಿತೇ.

ಪ್ರವಾಸದಲ್ಲಿ ಮೈಗೆ ಮಾಂಸ ತುಂಬಿಕೊಳ್ಳುವುದೇ ಪಾಪವೆಂದು ಯಾರೂ ತಿಳಿಯಬಾರದು. ಇದಕ್ಕೆ ಹದೀಸ್ ಗ್ರಂಥಗಳಲ್ಲಿ ಸುಂದರವಾದ ಉದಾಹರಣೆಯಿದೆ. ಹ. ಅಬೂ ಉಬೈದಾ(ರ)ರ ನೇತೃತ್ವದಲ್ಲಿ ಮುನ್ನೂರು ಮಂದಿಯ ಪಡೆಯೊಂದನ್ನು ಪ್ರವಾದಿ(ಸ)ರು ಸಮುದ್ರ ತೀರದ ಕಡೆಗೆ ಕಳುಹಿಸಿದರು. ದಾರಿಯ ಆಹಾರ ತೀರುತ್ತಾ ಬಂದು ಕೊನೆಗೆ ದಿನಕ್ಕೆ ತಲಾ ಒಂದೇ ಖರ್ಜೂರ ಉಳಿಯಿತು. ಅದನ್ನು ಮಗುವಿನಂತೆ ಚೀಪಿ, ನೀರು ಕುಡಿದು, ಗಿಡದ ಎಲೆಗಳನ್ನು ಉದುರಿಸಿ ತಿಂದರು. ಆಗ ಅಲೆಗಳು ಬೆಟ್ಟದಂತಹ ಮೀನೊಂದನ್ನು ದಡಕ್ಕೆ ತಂದು ಹಾಕಿದವು. ಅವರು ವಾರಗಟ್ಟಲೆ ಅದನ್ನು ತಿಂದರು, ತಿಂದು ದಪ್ಪಗಾದೆವೆಂದು ಹ. ಜಾಬಿರ್(ರ) ಸ್ವತಃ ವರದಿ ಮಾಡಿದ್ದಾರೆ. ಮದೀನಾಕ್ಕೆ ಮರಳಿದಾಗ ಪ್ರವಾದಿ(ಸ)ರು ಅದನ್ನು ಅಲ್ಲಾಹನು ಒದಗಿಸಿದ ಆಹಾರವೆಂದು ಕರೆದು, ಉಳಿದಿದ್ದರೆ ತಮಗೂ ಕೊಡಿರೆಂದು ಕೇಳಿ ತಿಂದರು.

ಹಸಿದು ಎಲೆ ತಿಂದವರ ಮೈ ತುಂಬಿಕೊಂಡರೆ ಅದು ಅನುಗ್ರಹ. ನಮ್ಮ ಸ್ಥಿತಿ ಬೇರೆ. ನಾವು ಹಡಗು ಹತ್ತುವ ಮೊದಲೇ ತುಂಬಿರುವವರು. ಮದುವೆಯ ಹಂಗಾಮಿನಲ್ಲಿ ವಾರಕ್ಕೆರಡು ದಾವತ್, ಬಗಾರಾ ಖಾನಾ, ದಾಲ್ಚಾ, ಡಬಲ್ ಕಾ ಮೀಠಾ. ವಲೀಮಾದಿಂದ ಅಕೀಕಾಕ್ಕೆ ನಡೆದು ಹೋಗುವ ಅಭ್ಯಾಸವೂ ಈಗಿಲ್ಲ. ಐಸಿಎಂಆರ್ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಅಪಾಯವೆಂದು ವೈದ್ಯರು ಎಣಿಸುತ್ತಾರೆ. ನಮ್ಮ ಲಾಡಿಯ ಪಾಯಿಜಾಮ ಈ ವಿಷಯದಲ್ಲಿ ಬಹಳ ದಾಕ್ಷಿಣ್ಯದ ಉಡುಪು, ಎಷ್ಟು ಬೆಳೆದರೂ ಏನನ್ನೂ ಹೇಳುವುದಿಲ್ಲ. ಹೊರಡುವ ಮುನ್ನ ದರ್ಜಿಯ ಅಳತೆಪಟ್ಟಿಯಿಂದ ಒಮ್ಮೆ ಅಳೆದುಕೊಳ್ಳುವುದು ಒಳ್ಳೆಯದು.

ತೂಕದ ಲೆಕ್ಕದಲ್ಲಿ ಗಾಬರಿಯೂ ಬೇಡ. ಒಂದು ಕಿಲೋ ಕೊಬ್ಬು ಕೂಡಲು ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಾದರೂ ನಾಲ್ಕು ದಿನದಲ್ಲಿ ಕೂಡುವುದು ಅರ್ಧ ಕಿಲೋ ಮಾತ್ರ. ತಕ್ಕಡಿ ಎರಡು ಕಿಲೋ ತೋರಿಸಿದರೆ ಉಳಿದದ್ದರಲ್ಲಿ ಹೆಚ್ಚಿನಂಶ ಉಪ್ಪಿನ ತಿನಿಸು ದೇಹದಲ್ಲಿ ಹಿಡಿದಿಟ್ಟ ನೀರು. ಮನೆಯ ಊಟಕ್ಕೆ ಮರಳಿದ ಕೆಲವು ದಿನಗಳಲ್ಲಿ ಅದು ಇಳಿಯುತ್ತದೆ. ಅರ್ಧ ಕಿಲೋ ಇಳಿಯುವುದು ನಿಧಾನ. ಅದಕ್ಕಿಂತ ನಿಧಾನವಾಗಿ ಇಳಿಯುವುದು ನಾಲ್ಕು ದಿನಗಳಲ್ಲಿ ಹಿಗ್ಗಿದ ನಾಲಿಗೆಯ ಅಭ್ಯಾಸ, ಅದರಲ್ಲೂ ಮಕ್ಕಳಲ್ಲಿ.

ಮನೆಯ ಹಿರಿಯರಿಗಂತೂ ಇದು ತೂಕದ ಪ್ರಶ್ನೆಯೇ ಅಲ್ಲ. ಸಕ್ಕರೆ ಕಾಯಿಲೆಯಿರುವ ತಾಯಿಗೆ 'ನಾಲ್ಕೇ ದಿನ, ತಿನ್ನಮ್ಮಾ' ಎಂದು ಪ್ರೀತಿಯಿಂದ ಒತ್ತಾಯಿಸುವ ಮಗ ಅವಳಿಗೆ ಉಪಕಾರ ಮಾಡುತ್ತಿಲ್ಲ. ಹಡಗಿನಲ್ಲಿ ಸಣ್ಣ ವೈದ್ಯಕೀಯ ಕೊಠಡಿಯಿರುತ್ತದೆ, ಆಸ್ಪತ್ರೆಯಿರುವುದಿಲ್ಲ. ಊಟದ ಹೊತ್ತು ಬದಲಾದಾಗ ಮಾತ್ರೆ ಮತ್ತು ಇನ್ಸುಲಿನ್‌ನ ಪ್ರಮಾಣ ಏನಾಗಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು; ಔಷಧವನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಹಾಗಾದರೆ ಆ ಮೇಜಿನ ಮುಂದೆ ಏನು ಮಾಡಬೇಕು? ಹೊಟ್ಟೆಯ ಮೂರರಲ್ಲೊಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ ವಚನವನ್ನು ತಿರ್ಮಿದಿ ಉದ್ಧರಿಸಿದ್ದಾರೆ. ಅದೇ ವಚನದಲ್ಲಿ ಅದಕ್ಕಿಂತ ಮೊದಲು ಬರುವ ಮಾತನ್ನು ನಾವು ಮರೆಯುತ್ತೇವೆ: ಬೆನ್ನು ನೇರವಾಗಿ ನಿಲ್ಲಲು ಕೆಲವೇ ತುತ್ತುಗಳು ಸಾಕು. ಮೂರರಲ್ಲೊಂದು ಎಂಬುದು ಅಷ್ಟಕ್ಕೆ ತೃಪ್ತಿಯಾಗದವನಿಗೆ ಕೊಟ್ಟ ಗರಿಷ್ಠ ಮಿತಿ. ಇದನ್ನು ನೆನೆದು ಮೊದಲು ಬರಿಗೈಯಲ್ಲಿ ಮೇಜಿನ ಸುತ್ತ ಒಂದು ಸುತ್ತು ಬಂದು, ಏನೇನಿದೆಯೆಂದು ನೋಡಿ, ಆಮೇಲೆ ತಟ್ಟೆ ಎತ್ತಿಕೊಳ್ಳಬೇಕು. ತಟ್ಟೆಯಲ್ಲಿ ಬಿಟ್ಟರೆ ಪೋಲು, ತಿಂದರೆ ಅತಿರೇಕ ಎಂಬ ಇಕ್ಕಟ್ಟಿಗೆ ಅನೇಕರು ಸಿಲುಕುತ್ತಾರೆ. ಆ ಇಕ್ಕಟ್ಟಿಗೆ ಪರಿಹಾರವಿರುವುದು ಸೌಟು ಹಿಡಿದಾಗ, ತಟ್ಟೆ ತುಂಬಿದ ಮೇಲಲ್ಲ. ಬಾಟಲಿಯ ತಂಪು ಪಾನೀಯಕ್ಕೆ ಬದಲು ನೀರು ಕುಡಿಯಬೇಕು. ದಿನಕ್ಕೆ ಒಂದೇ ಹೊತ್ತು ಸಿಹಿ, ಅದೂ ಇಡೀ ಕುಟುಂಬ ಒಂದು ತಟ್ಟೆಯಲ್ಲಿ ಹಂಚಿಕೊಂಡು. ನಮ್ಮ ದಸ್ತರ್‌ಖಾನ್‌ನ ಪದ್ಧತಿಯೇ ಅದು, ಹಡಗಿನಲ್ಲಿ ಅದನ್ನೇಕೆ ಬಿಡಬೇಕು? ಒಬ್ಬರ ಆಹಾರ ಇಬ್ಬರಿಗೆ ಸಾಕೆಂಬ ಪ್ರವಾದಿ ವಚನವಂತೂ ಎಲ್ಲರಿಗೂ ಬಾಯಿಪಾಠ.

ನಮಾಝ್‌ನ ವೇಳೆಗಳು ಹಡಗಿನ ದಿನಕ್ಕೆ ಒಳ್ಳೆಯ ಚೌಕಟ್ಟು. ಫಜ್ರ್ ನಂತರ ಮೇಲಿನ ಅಂತಸ್ತಿನಲ್ಲಿ ಜನಸಂದಣಿ ಇರುವುದಿಲ್ಲ. ಆಗ ಅರ್ಧ ತಾಸು ನಡೆದರೆ ಸಮುದ್ರದ ಮೇಲಿನ ಬೆಳಗನ್ನೂ ಕಾಣಬಹುದು. ಇಶಾ ಮುಗಿಸಿ ಮಲಗುವವನು ತಡರಾತ್ರಿಯ ತಿನಿಸಿನಿಂದ ತಾನಾಗಿ ಪಾರಾಗುತ್ತಾನೆ. ಪ್ರಯಾಣಿಕನಿಗೆ ನಮಾಝ್ ಸಂಕ್ಷಿಪ್ತಗೊಳಿಸುವ ರಿಯಾಯಿತಿಯಿದೆ, ಫರ್ಝ್ ಉಪವಾಸವನ್ನು ಮುಂದೂಡುವ ರಿಯಾಯಿತಿಯಿದೆ. ಹೊಟ್ಟೆಗೆ ಮಿತಿ ಮೀರುವ ರಿಯಾಯಿತಿ ಎಲ್ಲಿಯೂ ಇಲ್ಲ.

ಇನ್ನು ನಮ್ಮ ಮಹಿಳೆಯರ ವಿಷಯ. ಗಂಡಸರು ಹಡಗೆಲ್ಲ ಸುತ್ತುತ್ತಾರೆ. ಹೆಂಗಸರು ಮಕ್ಕಳನ್ನು ನೋಡಿಕೊಂಡು ಕೋಣೆಯಲ್ಲೋ ಊಟದ ಸಭಾಂಗಣದಲ್ಲೋ ಕುಳಿತಿರುತ್ತಾರೆ. ಮರಳಿದ ಮೇಲೆ ದಪ್ಪಗಾದೆ ಎಂಬ ಚುಚ್ಚುಮಾತು ಕೇಳಬೇಕಾದವರೂ ಅವರೇ. ಹ. ಆಯಿಶಾ(ರ) ತಾವು ಪ್ರವಾದಿ(ಸ)ರ ಜೊತೆ ಪ್ರಯಾಣದಲ್ಲಿದ್ದಾಗ ಇಬ್ಬರೂ ಓಟದ ಸ್ಪರ್ಧೆ ನಡೆಸಿದ್ದನ್ನು ತಿಳಿಸಿದ್ದಾರೆ. ಅದು ಅಬೂ ದಾವೂದ್‌ನಲ್ಲಿದೆ. ಮೊದಲ ಸಲ ಅವರು ಗೆದ್ದರು. ಮುಂದೆ ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದಾಗ ಪ್ರವಾದಿ(ಸ)ರು ಗೆದ್ದು, ಇದು ಅಂದಿನದಕ್ಕೆ ಸಮವಾಯಿತೆಂದು ವಿನೋದದಿಂದ ಹೇಳಿದರು. ಪತ್ನಿಯ ಮೈ ತುಂಬಿದ್ದನ್ನು ಅವರು ಆಡಿಕೊಳ್ಳಲಿಲ್ಲ. ಆಕೆಯ ಜೊತೆ ಓಡಿದರು. ಹಡಗಿನ ಅಂಗಳದಲ್ಲಿ ಓಡುವುದು ಬೇಡ, ಮಕ್ಕಳನ್ನು ಅಜ್ಜಿಯ ಬಳಿ ಅರ್ಧ ತಾಸು ಬಿಟ್ಟು ಗಂಡಹೆಂಡತಿ ಜೊತೆಯಾಗಿ ನಡೆಯಲಿ. ಅಜ್ಜಿ ನಡೆಯಬಲ್ಲವಳಾದರೆ ಮುಂದಿನ ಅರ್ಧ ತಾಸು ಅವಳ ಕೈ ಹಿಡಿದು ಮಗ ನಡೆಯಲಿ.