ಸರ್ವರ್ ಇತ್ತು, ವಿಳಾಸ ನಿಲ್ಲಲಿಲ್ಲ

2025ರ ಅಕ್ಟೋಬರ್ 20, ದೀಪಾವಳಿ. ಭಾರತೀಯ ಸಮಯ ಮಧ್ಯಾಹ್ನ 12.18ರಿಂದ ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರ ಕೈಕೊಟ್ಟು ಸಿಗ್ನಲ್, ಸ್ನ್ಯಾಪ್‌ಚಾಟ್ ಮುಂತಾದ ಸೇವೆಗಳು ಅಸ್ತವ್ಯಸ್ತಗೊಂಡವು. ಇದನ್ನು ಪಡಿತರ ಅಂಗಡಿಯ ಮಾತಿನಂತೆ ‘ಸರ್ವರ್ ಡೌನ್’ ಎಂದುಬಿಟ್ಟರೆ ಅರ್ಧ ಸತ್ಯ. ಯಂತ್ರಗಳು ಕೆಟ್ಟಿರಲಿಲ್ಲ, ತಪ್ಪಿದ್ದು ವಿಳಾಸ.

ಡೈನಮೋಡಿಬಿ ಎಂಬ ದತ್ತಾಂಶ ಸೇವೆಯ ವಿಳಾಸಪಟ್ಟಿಯನ್ನು ತಂತ್ರಾಂಶಗಳೇ ನೋಡಿಕೊಳ್ಳುತ್ತಿದ್ದವು. ಒಂದು ತಡವಾಗಿ ಹಳೆಯ ಪಟ್ಟಿ ಬರೆಯಿತು, ಇನ್ನೊಂದು ಅದನ್ನು ಹಳತೆಂದು ಅಳಿಸಿತು. ಉಳಿದದ್ದು ಖಾಲಿ ಪಟ್ಟಿ. 2.55ಕ್ಕೆ ಅದು ಸರಿಹೋಯಿತು.

ನಿಜವಾದ ತಲೆನೋವು ಆಮೇಲಿನದು. ಕ್ಲೌಡ್‌ನಲ್ಲಿ ಸರ್ವರ್‌ಗೆ ಸಿಗುವ ವಿಳಾಸ ತಂತಿಯ ಜಾಲದ್ದಲ್ಲ, ಅದರ ಮೇಲೆ ತಂತ್ರಾಂಶ ಹೆಣೆದ ಇನ್ನೊಂದು ಜಾಲದ್ದು. ಬಾಕಿ ಕೆಲಸ ರಾಶಿಬಿದ್ದು, ಹೊಸ ಸರ್ವರ್‌ಗಳು ಎಲ್ಲಿವೆ ಎಂಬ ಮಾಹಿತಿ ಜಾಲದಲ್ಲಿ ಹರಡುವುದು ತಡವಾಯಿತು. ಮನೆ ಒಕ್ಕಲಾಗಿದೆ, ಅಂಚೆಯವನಿಗೆ ಮಾತ್ರ ಗೊತ್ತಿಲ್ಲ! ತಪಾಸಣೆಯ ತಂತ್ರಾಂಶವೋ ಅಂಥವನ್ನು ಕೆಟ್ಟಿವೆಯೆಂದು ಪಟ್ಟಿಯಿಂದ ತೆಗೆಯುವುದು, ಮತ್ತೆ ಸೇರಿಸುವುದು. ವಿಳಾಸಪಟ್ಟಿ ಹೀಗೆ ಓಲಾಡುತ್ತಲೇ ಇತ್ತು.

ರಾತ್ರಿ 10.06ಕ್ಕೆ ಎಂಜಿನಿಯರುಗಳು ಆ ಸ್ವಯಂಚಾಲಿತ ಬದಲಾವಣೆಯನ್ನೇ ನಿಲ್ಲಿಸಿದರು. ಬಿಟ್ಟುಹೋದ ಸರ್ವರ್‌ಗಳು ಪಟ್ಟಿಗೆ ಮರಳಿದವು. ಹೊಸ ಸರ್ವರ್‌ಗಳ ಕೆಲಸ ಪೂರ್ತಿ ಹಳಿಗೆ ಬಂದಾಗ ನಸುಕಿನ 2.20. ಡೈನಮೋಡಿಬಿಯ ವಿಳಾಸ ಬರೆಯುವ ಯಂತ್ರವ್ಯವಸ್ಥೆಯನ್ನು ಅಮೆಜಾನ್ ಆಗ ಜಗತ್ತಿನಾದ್ಯಂತ ಸ್ಥಗಿತಗೊಳಿಸಿತು.