ಒಂದೇ ಮಿತಿ ಸಾಲದು

ಎರಡು ಓಲೆಪ್ರತಿಗಳನ್ನು ಪಕ್ಕಪಕ್ಕದಲ್ಲಿರಿಸಿ ಪಾಠಾಂತರಗಳನ್ನು ಗುರುತಿಸುವ ಗ್ರಂಥಸಂಪಾದಕರ ಶ್ರಮ ನಮ್ಮ ಓದುಗರಿಗೆ ಹೊಸದಲ್ಲ. ಹವಾಮಾನ ಶಾಸ್ತ್ರಜ್ಞರ ಪಾಡೂ ಅದೇ; ಅವರ ಪ್ರತಿಗಳಲ್ಲಿರುವುದು ಮಾತ್ರ ಲಕ್ಷಗಟ್ಟಲೆ ಅಂಕಿಗಳು. ಇಸ್ರೋದ ಇನ್ಸಾಟ್-3ಡಿ ಉಪಗ್ರಹದ ದತ್ತಾಂಶ ದೊರೆಯುವುದು ಎಚ್‌ಡಿಎಫ್5 ಎಂಬ ಮಾದರಿಯ ಕಡತಗಳಲ್ಲಿ. ಅಂತಹ ಎರಡು ಕಡತಗಳನ್ನು ಹೋಲಿಸಲು ‘ಎಚ್5ಡಿಫ್’ ಎಂಬ ಸಲಕರಣೆಯುಂಟು. ಚಿತ್ರ, ಗುಂಡಿಗಳ ಅಲಂಕಾರ ಅದಕ್ಕಿಲ್ಲ. ಗಣಕದ ಆದೇಶಸಾಲಿನಲ್ಲಿ ಅದರ ಹೆಸರನ್ನೂ ಕಡತಗಳೆರಡರ ಹೆಸರನ್ನೂ ಬರೆದರಾಯಿತು. ವ್ಯತ್ಯಾಸವಿಲ್ಲದಿದ್ದರೆ ಮೌನವೇ ಉತ್ತರ.

ಆದರೆ ಒಂದೇ ಲೆಕ್ಕವನ್ನು ಎರಡು ಗಣಕಗಳು ಮಾಡಿದಾಗ ಕೊನೆಯ ದಶಾಂಶ ಸ್ಥಾನಗಳು ಕದಲುವುದುಂಟು. 0.1ಕ್ಕೆ 0.2 ಕೂಡಿಸಿ 0.30000000000000004 ಎನ್ನುವ ಯಂತ್ರವಲ್ಲವೇ ಅದು! ಇಂತಹವನ್ನು ಕಡೆಗಣಿಸಲೆಂದೇ ‘ಡಿ’ ಎಂಬ ಸೂಚಕದೊಡನೆ ಒಂದು ಮಿತಿಯನ್ನು ಕೊಡಬಹುದು. ಅದನ್ನು ಮೀರದ ಅಂತರ ವರದಿಯಾಗದು.

ಅಪಾಯವಿರುವುದು ಇಲ್ಲಿಯೇ. ಮಿತಿಯನ್ನು 0.01 ಎಂದು ಇರಿಸಿದೆವೆನ್ನಿ. 300 ಕೆಲ್ವಿನ್ ಉಷ್ಣತೆಗೆ ಅದು ನಗಣ್ಯ. ಅದೇ ಕಡತದಲ್ಲಿ, ಒಂದು ಕಿಲೋಗ್ರಾಂ ಗಾಳಿಯಲ್ಲಿರುವ ನೀರಾವಿ 0.018 ಕಿಲೋಗ್ರಾಂ ಎಂದಿದ್ದು, ಇನ್ನೊಂದು ಕಡತದಲ್ಲಿ 0.009 ಎಂದಿದ್ದರೆ? ಅರ್ಧಕ್ಕರ್ಧ ತೇವ ಮಾಯವಾಗಿದ್ದರೂ ಸಲಕರಣೆ ತುಟಿ ಬಿಚ್ಚದು. ‘ಪಿ’ ಸೂಚಕ ಸಾಪೇಕ್ಷ ಅಂತರವನ್ನು ನೋಡುತ್ತದೆ, ನಿಜ. ಮಳೆಯಿಲ್ಲದ ದಿನದ ಸೊನ್ನೆಯೆದುರು ಅದೂ ಸೋಲುತ್ತದೆ, ಸೊನ್ನೆಯಿಂದ ಭಾಗಿಸುವುದೆಂತು? ಉಷ್ಣತೆ, ತೇವ, ಮಳೆ ಒಂದೊಂದನ್ನೂ ಹೆಸರಿಸಿ, ಅದರದರ ಅಳತೆಗೆ ತಕ್ಕ ಮಿತಿಯನ್ನಿತ್ತು, ಬೇರೆಬೇರೆಯಾಗಿಯೇ ಹೋಲಿಸಬೇಕು. ಒಂದು ಸಾಲಿನ ಆದೇಶ ಆಗ ಮೂರು ಸಾಲಾಗುತ್ತದೆ.